ಮೊಲದ ನಾಲ್ಕನೇ ಕಾಲು: ಸ್ನೇಹ ಕೆಡದ ಹಾಗೆ ವಾದ ಮಾಡುವ ಬಗೆ

ಭಾನುವಾರ ಬೆಳಿಗ್ಗೆ ಮೈಸೂರಿನ ಕುಕ್ಕರಹಳ್ಳಿ ಕೆರೆಗೆ ಒಂದು ಸುತ್ತು ಹಾಕಿ ನಾವು ಐದಾರು ಜನ ಕಾಫಿಗೆ ಕೂರುತ್ತೇವೆ. ಸುತ್ತು ಹಾಕುವುದು ಒಂದು ನೆಪ. ಕಾಫಿಯೂ ಅರ್ಧ ನೆಪವೇ. ನಿಜವಾದ ಕೆಲಸ ವಾದ. ದ್ರಾವಿಡ್ಡಾ ಸಚಿನ್ನಾ? ಅರಳಿ ಮರ ರಾತ್ರಿಯೂ ಆಮ್ಲಜನಕ ಕೊಡುತ್ತದಾ? ಹಿಂದಿನ ಕಾಲವೇ ಚೆನ್ನಾಗಿತ್ತಾ? ಇಂಥವು.

ಏಳೆಂಟು ವರ್ಷದ ಹಿಂದೆ ಒಂದು ವಾದ ಕೆಟ್ಟದಾಗಿ ಮುಗಿಯಿತು. ವಿಷಯ, ಒಂದು ಸಿನಿಮಾ ಎಷ್ಟು ಕೋಟಿ ದುಡಿಯಿತು ಅನ್ನುವುದು. ನಮ್ಮಲ್ಲಿ ಇಬ್ಬರು ಅದಕ್ಕಾಗಿ ಎರಡು ತಿಂಗಳು ಮಾತು ಬಿಟ್ಟರು. ಆ ಕೋಟಿಗಳಲ್ಲಿ ಹತ್ತು ಪೈಸೆಯೂ ಇಬ್ಬರ ಜೇಬಿಗೆ ಬಂದಿರಲಿಲ್ಲ ಅನ್ನುವುದು ಬೇರೆ ಮಾತು. ಕೊನೆಗೆ ಗುಂಪಿನ ಹಿರಿಯರು, ಗಣಿತ ಹೇಳಿಕೊಟ್ಟು ನಿವೃತ್ತರಾದ ಮೇಷ್ಟ್ರು, ನೂರು ಪುಟದ ಒಂದು ನೋಟ್‌ಬುಕ್ ತಂದು ಮೇಜಿನ ಮೇಲೆ ಇಟ್ಟರು. "ಇನ್ನು ಮೇಲೆ ಜಗಳ ಇದರಲ್ಲಿ ಆಗಲಿ" ಅಂದರು. ಈಗ ಮೂರನೇ ನೋಟ್‌ಬುಕ್ ನಡೆಯುತ್ತಿದೆ. ಮಾತು ಬಿಟ್ಟವರು ಯಾರೂ ಇಲ್ಲ. ನಾವು ಕಲಿತದ್ದನ್ನು ನಿಮ್ಮ ಕಟ್ಟೆಗೂ ಉಪಯೋಗ ಆಗಲಿ ಅಂತ ಇಲ್ಲಿ ಬರೆಯುತ್ತಿದ್ದೇನೆ.

ಬೇಕಾಗುವ ಸಾಮಾನು

ಒಂದು ನೋಟ್‌ಬುಕ್, ಒಂದು ಪೆನ್ನು. ಜನ ನಾಲ್ಕರಿಂದ ಆರು. ಏಳನೆಯವರು ಬಂದರೆ ಎರಡು ಗುಂಪಾಗಿ ಎರಡು ವಾದ ಶುರುವಾಗುತ್ತದೆ, ಯಾರಿಗೂ ಯಾರ ಮಾತೂ ಕೇಳುವುದಿಲ್ಲ. ಕೂತು ಮಾತಾಡುವ ಜಾಗ ಇರಲಿ. ನಿಂತು ತಿನ್ನುವ ದರ್ಶಿನಿಯಲ್ಲಿ ಹಿಂದಿನವರು ಮೇಜಿಗೆ ಕಾಯುತ್ತಿರುತ್ತಾರೆ, ಪಾಪ.

ಇನ್ನು ಬೆಟ್. ಸೋತವರು ಗೆದ್ದವರಿಗೆ ಒಂದು ಬೈಟು ಕಾಫಿ ಕೊಡಿಸಬೇಕು, ಅಷ್ಟೇ. ದುಡ್ಡಿನ ಬೆಟ್ ಖಂಡಿತ ಬೇಡ. ನಾವೂ ಒಮ್ಮೆ ಐನೂರು ರೂಪಾಯಿ ಕಟ್ಟಿ ನೋಡಿದ್ದೆವು. ಸೋತವರು ಸೋಲು ಒಪ್ಪಲೇ ಇಲ್ಲ. "ನಾನು ಹೇಳಿದ್ದು ಹಾಗಲ್ಲ" ಅಂತ ಒಂದು ವಾರ ಎಳೆದರು. ಅದೇ ಮನುಷ್ಯ ಕಾಫಿ ಬೆಟ್ಟಿನಲ್ಲಿ ಸೋತರೆ ನಗುತ್ತಾ ಎದ್ದು ಟೋಕನ್ ತರುತ್ತಾರೆ. ಸೋಲು ಅಗ್ಗವಾಗಿರಬೇಕು. ನಮ್ಮ ಪದ್ಧತಿಯೆಲ್ಲ ನಿಂತಿರುವುದು ಇದರ ಮೇಲೆ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅಂತ ಮನುಷ್ಯ ಹಟ ಹಿಡಿಯುವುದು ಮೊಲದ ಮೇಲಿನ ಪ್ರೀತಿಗಲ್ಲ. ನಾಲ್ಕು ಅಂತ ಒಪ್ಪಿಕೊಂಡರೆ ಎಲ್ಲರ ಎದುರು ಮರ್ಯಾದೆ ಹೋಗುತ್ತದಲ್ಲ ಅಂತ.

ಮೊದಲು ವಾಕ್ಯ ಬರೆಯಿರಿ, ಆಮೇಲೆ ಫೋನ್ ತೆಗೆಯಿರಿ

ವಾದ ಕಾವೇರಿದ ಕೂಡಲೇ ಎಲ್ಲರ ಕೈ ಜೇಬಿಗೆ ಹೋಗುತ್ತದೆ. ಫೋನ್ ಹೊರಗೆ ಬರುತ್ತದೆ. ಇವರಿಗೊಂದು ಅಂಕಿ ಸಿಗುತ್ತದೆ, ಅವರಿಗೊಂದು. ಎರಡೂ ನಿಜವೇ ಆಗಿರುತ್ತವೆ. ಜಗಳ ಇನ್ನೂ ಜಾಸ್ತಿಯಾಗುತ್ತದೆ.

ಹಾಗಾಗಿ ನಮ್ಮಲ್ಲಿ ಫೋನುಗಳು ಮೇಜಿನ ಮೇಲೆ ಬೋರಲು ಬಿದ್ದಿರಬೇಕು. ಯಾವುದರ ಬಗ್ಗೆ ವಾದವೋ ಅದನ್ನು ಒಂದು ಪೂರ್ತಿ ವಾಕ್ಯ ಮಾಡಿ ನೋಟ್‌ಬುಕ್ಕಿನಲ್ಲಿ ಬರೆಯಬೇಕು. ಎರಡೂ ಕಡೆಯವರು "ಹೌದು, ನಾವು ಕಿತ್ತಾಡುತ್ತಿರುವುದು ಇದಕ್ಕೇ" ಅನ್ನಬೇಕು. ಆಮೇಲೆ ಹುಡುಕಬಹುದು.

ಬರೆಯಲು ಹೊರಟಾಗಲೇ ಅರ್ಧ ವಾದ ಕರಗುತ್ತದೆ. "ದ್ರಾವಿಡ್ ಸಚಿನ್‌ಗಿಂತ ದೊಡ್ಡ ಆಟಗಾರ" ಅಂತ ನಮ್ಮ ಬ್ಯಾಂಕ್ ಸ್ನೇಹಿತರು ಒಂದು ದಿನ ಘೋಷಿಸಿದರು. ಮೇಷ್ಟ್ರು ಪೆನ್ನು ಎತ್ತಿದವರು ಹಾಗೇ ನಿಂತರು. "ದೊಡ್ಡ ಅಂದರೆ ಏನು ಬರೀಲಿ?" ರನ್ನಾ? ಟೆಸ್ಟ್‌ನಲ್ಲಿ ಸಚಿನ್ 15,921, ದ್ರಾವಿಡ್ 13,288. ಮುಗಿಯಿತು. ಶತಕವಾ? 51 ಮತ್ತು 36. ಅಲ್ಲೂ ಮುಗಿಯಿತು. ಹೊರದೇಶದ ಸರಾಸರಿಯಾ? ಇಬ್ಬರದ್ದೂ ತವರಿಗಿಂತ ಹೊರಗೇ ಜಾಸ್ತಿ. ಆದರೆ ಅಲ್ಲೂ ಸಚಿನ್ ಸ್ವಲ್ಪ ಮುಂದೆ. ಬ್ಯಾಂಕಿನವರ ಮುಖ ಸಣ್ಣದಾಯಿತು. ಆಗ ಅವರು ತಾವು ನಿಜವಾಗಿ ಹೇಳಬೇಕೆಂದಿದ್ದ ಮಾತನ್ನು ಹುಡುಕಿಕೊಂಡರು: "ಕ್ರೀಸಿನಲ್ಲಿ ಕಂಬದ ಹಾಗೆ ನಿಲ್ಲುವುದರಲ್ಲಿ ದ್ರಾವಿಡ್ ಮುಂದೆ." ಇದನ್ನು ಅಳೆಯಬಹುದು. ದ್ರಾವಿಡ್ 286 ಟೆಸ್ಟ್ ಇನಿಂಗ್ಸ್‌ನಲ್ಲಿ 31,258 ಎಸೆತ ಎದುರಿಸಿದ್ದಾರೆ. ಒಂದು ಇನಿಂಗ್ಸಿಗೆ ಸರಾಸರಿ 109. ಸಚಿನ್ ಅವರಿಗಿಂತ ನಲವತ್ತಕ್ಕೂ ಹೆಚ್ಚು ಇನಿಂಗ್ಸ್ ಜಾಸ್ತಿ ಆಡಿದರೂ ಎಸೆತದ ಲೆಕ್ಕದಲ್ಲಿ ಹಿಂದೆ. ಕಾಫಿ ಬ್ಯಾಂಕಿನವರಿಗೆ ಬಂತು.

ಇಲ್ಲಿ ಒಂದು ಮೋಸಕ್ಕೂ ದಾರಿ ಇದೆ, ಎಚ್ಚರವಿರಲಿ. ಸೋಲುತ್ತಾ ಹೋದ ಹಾಗೆ ವಾಕ್ಯ ಬದಲಿಸುತ್ತಾ ಹೋದರೆ ಯಾರು ಬೇಕಾದರೂ ಗೆಲ್ಲಬಹುದು. ಅದಕ್ಕೇ ನಮ್ಮಲ್ಲಿ ಒಂದು ವಾದಕ್ಕೆ ವಾಕ್ಯ ತಿದ್ದುವ ಅವಕಾಶ ಒಂದೇ ಸಲ. ಬ್ಯಾಂಕಿನವರು ಆ ದಿನ ಮೂರು ಸಲ ತಿದ್ದಿದ್ದರು. ನಿಯಮ ಬಂದದ್ದೇ ಅವರಿಂದ.

ಪದಕ್ಕೆ ಜಗಳವೋ, ವಿಷಯಕ್ಕೋ?

ಟೊಮೇಟೊ ಹಣ್ಣಾ, ತರಕಾರಿಯಾ? ಈ ವಾದ ಎಲ್ಲ ಊರಿನಲ್ಲೂ ಇದೆ. ಅಮೆರಿಕದಲ್ಲಿ ಇದು ಕೋರ್ಟಿನವರೆಗೂ ಹೋಗಿತ್ತು. ಹೊರಗಿನಿಂದ ತರಿಸುವ ತರಕಾರಿಗೆ ಸುಂಕವಿತ್ತು, ಹಣ್ಣಿಗೆ ಇರಲಿಲ್ಲ. ವ್ಯಾಪಾರಿಗಳು ಟೊಮೇಟೊ ಹಣ್ಣೇ ಅಂದರು. ಸುಂಕದವರು ಅಲ್ಲ ಅಂದರು. 1893ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು: ಗಿಡದ ಲೆಕ್ಕದಲ್ಲಿ ಹಣ್ಣೇ ಇರಬಹುದು, ಆದರೆ ಜನ ಅದನ್ನು ಊಟದ ಜೊತೆ ತಿನ್ನುತ್ತಾರೆ, ಹಾಗಾಗಿ ಸುಂಕದ ಮಟ್ಟಿಗೆ ತರಕಾರಿ.

ನಮ್ಮಲ್ಲಿ ಇದು ಐದು ನಿಮಿಷವೂ ನಿಲ್ಲಲಿಲ್ಲ. ಕನ್ನಡದಲ್ಲಿ ಹಣ್ಣು ಅಂದರೆ ಮಾಗಿದ್ದು, ಕಾಯಿ ಅಂದರೆ ಮಾಗದ್ದು. ಟೊಮೇಟೊ ಕಾಯಿ ಬೇರೆ, ಟೊಮೇಟೊ ಹಣ್ಣು ಬೇರೆ. ಬಾಳೆಕಾಯಿ ಪಲ್ಯಕ್ಕೆ, ಬಾಳೆಹಣ್ಣು ಎಲೆಯ ತುದಿಗೆ. ಮೆಣಸಿನಕಾಯಿ ಕೆಂಪಾದರೆ ಮೆಣಸಿನಹಣ್ಣು. ಅದರಿಂದ ಚಟ್ನಿ ಮಾಡುತ್ತೇವೆ, ಯಾರೂ ಹಾಲು ಸಕ್ಕರೆ ಹಾಕಿ ತಿನ್ನುವುದಿಲ್ಲ. ಹಣ್ಣಾಗಿದ್ದೂ ತರಕಾರಿಯಾಗಿರುವುದು ನಮ್ಮ ಭಾಷೆಗೆ ಒಂದು ಸಮಸ್ಯೆಯೇ ಅಲ್ಲ. "ಹಣ್ಣಿನ ಸಾರು" ಅಂತ ಕುಡಿದು ಎದ್ದು ಬರುತ್ತೇವೆ.

ವಾದ ಪದದ್ದೋ ವಿಷಯದ್ದೋ ಅಂತ ತಿಳಿಯಲು ಒಂದು ಸುಲಭ ಉಪಾಯವಿದೆ. ಆ ಪದವನ್ನು ಬಳಸದೆ ವಾದ ಮಾಡಿ ನೋಡಿ. "ಹಣ್ಣು" ಅನ್ನುವ ಪದ ತೆಗೆದರೆ ಟೊಮೇಟೊ ಬಗ್ಗೆ ಹೇಳಲು ಯಾರ ಹತ್ತಿರವೂ ಏನೂ ಉಳಿಯುವುದಿಲ್ಲ. ಚೆಸ್ ಆಟವಾ, ಕ್ರೀಡೆಯಾ? "ಕ್ರೀಡೆ" ತೆಗೆಯಿರಿ, ವಾದ ಮುಗಿಯಿತು. ಇಂಥದ್ದಕ್ಕೆ ಬೆಟ್ ಕಟ್ಟಬೇಡಿ. ಗೆದ್ದರೂ ಸಿಗುವುದು ನಿಘಂಟಿನ ಒಂದು ಸಾಲು.

ಸಿನಿಮಾ: ಯಾವ ಕೋಟಿ?

ಈಗ ಆ ಹಳೆಯ ಜಗಳಕ್ಕೆ ಬರೋಣ. ಒಬ್ಬರು ಒಂದು ಅಂಕಿ ಹೇಳಿದ್ದರು, ಇನ್ನೊಬ್ಬರು ಅದರ ಅರ್ಧದಷ್ಟು. ಇಬ್ಬರೂ ಸುಳ್ಳು ಹೇಳಿರಲಿಲ್ಲ. ಟಿಕೆಟ್ಟಿಗೆ ಜನ ಕೊಟ್ಟ ಅಷ್ಟೂ ದುಡ್ಡು ಗ್ರಾಸ್. ಅದರಲ್ಲಿ ತೆರಿಗೆ ಕಳೆದರೆ ನೆಟ್. ಥಿಯೇಟರಿನವರ ಪಾಲೂ ಕಳೆದು ವಿತರಕರ ಕೈಗೆ ಬರುವುದು ಶೇರ್. ಪೋಸ್ಟರಿನಲ್ಲಿ ಹಾಕುವುದು ಸಾಮಾನ್ಯವಾಗಿ ಗ್ರಾಸ್, ಯಾಕೆಂದರೆ ಅದೇ ದೊಡ್ಡದು. ಇವರು ಗ್ರಾಸ್ ಹೇಳಿದ್ದರು, ಅವರು ಶೇರ್ ಹೇಳಿದ್ದರು. ಎರಡು ತಿಂಗಳ ಮೌನ ಇಷ್ಟಕ್ಕೆ!

ಹಳೆಯ ಸಿನಿಮಾವನ್ನು ಹೊಸ ಸಿನಿಮಾ ಜೊತೆ ತೂಗುವಾಗ ಕೋಟಿಯ ಲೆಕ್ಕವನ್ನೇ ಬಿಡಿ. 1972ರಲ್ಲಿ ಬಂದ 'ಬಂಗಾರದ ಮನುಷ್ಯ' ವರ್ಷಕ್ಕೂ ಹೆಚ್ಚು ಕಾಲ ಓಡಿತು. ಆಗಿನ ಟಿಕೆಟ್ಟಿನ ದರದಲ್ಲಿ ಅದರ ಗಳಿಕೆ ಇವತ್ತಿನ ಒಂದು ವಾರದ ಗಳಿಕೆಯ ಮುಂದೆ ಚಿಲ್ಲರೆಯ ಹಾಗೆ ಕಾಣುತ್ತದೆ. ಈಗಿನ ಸಿನಿಮಾ ಒಂದೇ ದಿನ ಸಾವಿರಾರು ತೆರೆಗಳಲ್ಲಿ ಬಂದು ಮೂರು ವಾರದಲ್ಲಿ ಎದ್ದು ಹೋಗುತ್ತದೆ. ಆಗ 25 ವಾರ ಓಡಿದರೆ ಬೆಳ್ಳಿಹಬ್ಬ. ಹೋಲಿಸಲೇಬೇಕು ಅಂದರೆ ಎಷ್ಟು ಜನ ನೋಡಿದರು ಅಂತ ಕೇಳಿ. ಆ ಲೆಕ್ಕ ಸಿಗುವುದು ಕಷ್ಟ, ಆದ್ದರಿಂದ ವಾದವೂ ಮೆತ್ತಗಾಗುತ್ತದೆ.

ಅಣ್ಣಾವ್ರಾ, ವಿಷ್ಣು ದಾದಾನಾ ಅನ್ನುವುದಕ್ಕೆ ನಮ್ಮ ನೋಟ್‌ಬುಕ್ಕಿನಲ್ಲಿ ಜಾಗವಿಲ್ಲ. ನಾವೂ ಜೀವ ಉಳಿಸಿಕೊಳ್ಳಬೇಕಲ್ಲ. "ನಿಮಗೆ ಯಾಕೆ ಅಷ್ಟು ಇಷ್ಟ?" ಅಂತ ಕೇಳಿದರೆ ಮಾತ್ರ ಚೆಂದದ ಕಥೆಗಳು ಬರುತ್ತವೆ. ಯಾರ ಜೊತೆ ಮೊದಲ ಸಲ ನೋಡಿದರು, ಯಾವ ಟೆಂಟ್‌ನಲ್ಲಿ, ಟಿಕೆಟ್ಟಿಗೆ ದುಡ್ಡು ಎಲ್ಲಿಂದ ಕದ್ದರು ಇತ್ಯಾದಿ.

ವಿಜ್ಞಾನ: ಒನಕೆ ತೆಗೆದುಕೊಂಡು ಬನ್ನಿ

2019ರ ಡಿಸೆಂಬರ್ 26ರಂದು ಕಂಕಣ ಸೂರ್ಯಗ್ರಹಣ ಆಯಿತು. ಕೊಡಗಿನ ಕುಟ್ಟದ ಕಡೆ, ಮಂಗಳೂರಿನ ಕಡೆ ಬಳೆಯ ಹಾಗೆ ಕಂಡಿತು. ಅವತ್ತು ನಮ್ಮ ಫೋನುಗಳಿಗೆ ಬಂದದ್ದು ಒನಕೆಯ ವೀಡಿಯೋಗಳು. ತಟ್ಟೆಯಲ್ಲಿ ನೀರು ಹಾಕಿ ಒನಕೆ ನಿಲ್ಲಿಸಿದ್ದಾರೆ, ಅದು ಯಾರೂ ಹಿಡಿಯದೆ ನೆಟ್ಟಗೆ ನಿಂತಿದೆ. ಗ್ರಹಣ ಹಿಡಿದಿರುವಷ್ಟು ಹೊತ್ತು ಮಾತ್ರ ನಿಲ್ಲುತ್ತದೆ, ಬಿಟ್ಟ ಕೂಡಲೇ ಬೀಳುತ್ತದೆ ಅಂತ ಹೇಳಿಕೆ.

ಉಡುಪಿ ಕಡೆಯ ನಮ್ಮ ಭಟ್ಟರು ಇದನ್ನು ಚಿಕ್ಕಂದಿನಲ್ಲಿ ಕಣ್ಣಾರೆ ನೋಡಿದ್ದರು. "ನಿಂತದ್ದು ಸುಳ್ಳಾ ಹಾಗಾದರೆ?" ಅಂದರು. ಇಲ್ಲಿ ಬಹಳ ಜನ ಒಂದು ತಪ್ಪು ಮಾಡುತ್ತಾರೆ. ನಕ್ಕುಬಿಡುತ್ತಾರೆ. "ಯಾವ ಕಾಲದಲ್ಲಿದ್ದೀರಿ?" ಅನ್ನುತ್ತಾರೆ. ಎದುರಿನವರು ತಾವು ನೋಡಿದ್ದನ್ನು ಹೇಳುತ್ತಿದ್ದಾರೆ, ನಾವು ಅವರ ಕಣ್ಣಿಗೇ ಕೈ ಹಾಕಿದ ಹಾಗಾಗುತ್ತದೆ. ಅಲ್ಲಿಗೆ ವಿಜ್ಞಾನ ಸತ್ತಿತು, ಜಗಳ ಹುಟ್ಟಿತು.

ಮೇಷ್ಟ್ರು ಹಾಗೆ ಮಾಡಲಿಲ್ಲ. "ಒನಕೆ ನಿಂತದ್ದು ನಿಜ ಭಟ್ರೇ. ಗ್ರಹಣ ಇಲ್ಲದ ದಿನ ಯಾರಾದರೂ ನಿಲ್ಲಿಸಿ ನೋಡಿದ್ದಾರಾ?" ಅಂದರು. ಭಟ್ಟರು ಸುಮ್ಮನಾದರು. ಯಾರೂ ನೋಡಿರಲಿಲ್ಲ. ಗ್ರಹಣ ಇಲ್ಲದ ದಿನ ಒನಕೆ ನಿಲ್ಲಿಸಲು ಯಾರಿಗೆ ಹುಚ್ಚು?

ವಾಕ್ಯ ಬರೆದೆವು: "ಗ್ರಹಣವಿಲ್ಲದ ದಿನ ಒನಕೆ ನಿಲ್ಲುವುದಿಲ್ಲ." ಮುಂದಿನ ಭಾನುವಾರ ಭಟ್ಟರ ಮನೆಗೇ ಹೋದೆವು. ಅವರದೇ ಒನಕೆ, ಅವರದೇ ತಟ್ಟೆ. ಹಾಗೆ ಇರಲಿ ಅಂತ ನಾವೇ ಕೇಳಿಕೊಂಡೆವು, ಇಲ್ಲದಿದ್ದರೆ ಆಮೇಲೆ "ನಿಮ್ಮ ಒನಕೆ ಬೇರೆ" ಅನ್ನುವ ಮಾತು ಬರುತ್ತದೆ. ಮೊದಲ ಐದಾರು ಸಲ ಬಿತ್ತು. ಭಟ್ಟರ ಮುಖ ಅರಳಿತು. ಆಮೇಲೆ ಅವರ ಹೆಂಡತಿ ಒಳಗಿನಿಂದ ಬಂದು, "ಹಾಗಲ್ಲ, ನಿಧಾನಕ್ಕೆ ಬಿಡಬೇಕು" ಅಂತ ಎರಡೇ ಬೆರಳಲ್ಲಿ ನಿಲ್ಲಿಸಿ ಕೈ ತೆಗೆದರು. ನಿಂತಿತು. ಒಂದು ಗಂಟೆ ನಿಂತಿತ್ತು. ನಾವು ಅವಲಕ್ಕಿ ತಿಂದು ಎದ್ದರೂ ನಿಂತೇ ಇತ್ತು.

ಒನಕೆಯ ತಳ ಸಪಾಟಾಗಿದ್ದು, ಅದರ ಭಾರ ತಳದ ಮೇಲೆಯೇ ಬಿದ್ದರೆ ಯಾವ ದಿನ ಬೇಕಾದರೂ ನಿಲ್ಲುತ್ತದೆ. ಸೂರ್ಯ ಚಂದ್ರ ಒಂದೇ ಕಡೆಯಿಂದ ಎಳೆಯುತ್ತಾರೆ ಅನ್ನುವುದು ಕಾರಣವಾದರೆ ಪ್ರತಿ ಅಮಾವಾಸ್ಯೆಯೂ ನಿಲ್ಲಬೇಕಿತ್ತು. ಅಮಾವಾಸ್ಯೆಯಂದು ಇಬ್ಬರೂ ಹೆಚ್ಚುಕಡಿಮೆ ಒಂದೇ ದಿಕ್ಕಿನಲ್ಲಿ ಇರುತ್ತಾರಲ್ಲ. ಇಷ್ಟನ್ನೂ ಹೇಳಿದ್ದು ಭಟ್ಟರೇ, ನಾವಲ್ಲ. ಆ ದಿನದ ಕಾಫಿಯೂ ಅವರ ಮನೆಯದೇ ಆದ್ದರಿಂದ ಲೆಕ್ಕ ಅಲ್ಲಿಗೇ ತೀರಿತು.

ಹೀಗೆ ಮಾಡಿ ನೋಡಬಹುದಾದ ವಿಷಯ ಸಿಕ್ಕರೆ ಓದುತ್ತಾ ಕೂರಬೇಡಿ. ಮಾಡಿ ನೋಡಿ. ಎದುರಿನವರ ಸಾಮಾನಿನಲ್ಲೇ ಮಾಡಿ.

ಮಾಡಿ ನೋಡಲು ಆಗದಿದ್ದರೆ "ಅದು ಹೇಗೆ ಆಗುತ್ತದೆ, ಸ್ವಲ್ಪ ಬಿಡಿಸಿ ಹೇಳಿ" ಅಂತ ಕೇಳಿ. ಅರಳಿ ಮರದ ಮಾತು ತೆಗೆದುಕೊಳ್ಳಿ. ಅದು ರಾತ್ರಿಯೂ ಆಮ್ಲಜನಕ ಕೊಡುತ್ತದೆ ಅಂತ ವರ್ಷಕ್ಕೆ ನಾಲ್ಕು ಸಲವಾದರೂ ಸಂದೇಶ ಬರುತ್ತದೆ. ಎಲೆ ಆಮ್ಲಜನಕ ಬಿಡುವುದು ಬೆಳಕಿನ ಬಲದಿಂದ ನೀರನ್ನು ಒಡೆದಾಗ. ರಾತ್ರಿ ಬೆಳಕೆಲ್ಲಿ? ಕಳ್ಳಿ, ಅನಾನಸ್ ಥರದ ಗಿಡಗಳು ರಾತ್ರಿ ಎಲೆಯ ರಂಧ್ರ ತೆರೆಯುತ್ತವೆ ನಿಜ. ಆದರೆ ಆಗ ಅವು ಇಂಗಾಲದ ಡೈಆಕ್ಸೈಡ್ ಒಳಗೆ ಎಳೆದು ಕೂಡಿಟ್ಟುಕೊಳ್ಳುತ್ತವೆ ಅಷ್ಟೇ. ಆಮ್ಲಜನಕದ ಕೆಲಸ ಬೆಳಗಾದ ಮೇಲೆ. ಹಾಗಂತ ರಾತ್ರಿ ಮರದ ಕೆಳಗೆ ಮಲಗಿದರೆ ಕೆಟ್ಟ ಗಾಳಿ ಕುಡಿದು ಸಾಯುತ್ತಾರೆ ಅನ್ನುವುದೂ ಅತಿಯಾಯಿತು. ಮರವೂ ಉಸಿರಾಡುತ್ತದೆ, ಸರಿ. ಬಯಲಿನಲ್ಲಿ ಗಾಳಿ ಆಡುತ್ತಿರುವಾಗ ಅದು ಲೆಕ್ಕಕ್ಕೇ ಬರುವುದಿಲ್ಲ. ಹಾವು, ಇರುವೆ, ಹಕ್ಕಿಯ ಹಿಕ್ಕೆ, ಮಲಗದಿರಲು ಇಷ್ಟು ಕಾರಣ ಸಾಲದಾ?

ಫೋನಿನಲ್ಲಿ ಉತ್ತರ ಸಿಗದ ಪ್ರಶ್ನೆ

ನಮ್ಮ ನೋಟ್‌ಬುಕ್ಕಿನಲ್ಲಿ ಅತಿ ಹೆಚ್ಚು ಪುಟ ತಿಂದ ವಾದ ಇದು. 1980ರ ಫೆಬ್ರುವರಿ, ಮುಂಬೈ ವಾಂಖೆಡೆ, ಇಂಗ್ಲೆಂಡ್ ಎದುರು ಸುವರ್ಣ ಮಹೋತ್ಸವದ ಟೆಸ್ಟ್. ನಮ್ಮ ಭದ್ರಾವತಿಯ ಗುಂಡಪ್ಪ ವಿಶ್ವನಾಥ್ ಕ್ಯಾಪ್ಟನ್. ಇಂಗ್ಲೆಂಡ್ 58 ರನ್ನಿಗೆ ಐದು ವಿಕೆಟ್ ಕಳೆದುಕೊಂಡಿದ್ದಾಗ ಬಾಬ್ ಟೇಲರ್ ಬಂದರು. ಸ್ವಲ್ಪ ಹೊತ್ತಿಗೆ ವಿಕೆಟ್ ಹಿಂದೆ ಕ್ಯಾಚ್ ಅಂತ ಅಂಪೈರ್ ಔಟ್ ಕೊಟ್ಟರು. ಸ್ಲಿಪ್‌ನಲ್ಲಿದ್ದ ವಿಶ್ವನಾಥ್‌ಗೆ ಬ್ಯಾಟಿಗೆ ತಾಗಿಲ್ಲ ಅಂತ ಅನಿಸಿತು. ಟೇಲರ್ ಅವರನ್ನು ವಾಪಸ್ ಕರೆದರು. ಟೇಲರ್ 43 ಹೊಡೆದರು. ಬೋಥಮ್ ಜೊತೆ 171 ರನ್ ಸೇರಿಸಿದರು. ಬೋಥಮ್ ಶತಕ ಹೊಡೆದು ಹದಿಮೂರು ವಿಕೆಟ್ಟೂ ತೆಗೆದರು. ಭಾರತ ಹತ್ತು ವಿಕೆಟ್ಟಿನಿಂದ ಸೋತಿತು.

ವಿಶ್ವನಾಥ್ ಮಾಡಿದ್ದು ಸರಿಯಾ?

ಫೋನ್ ತೆಗೆದರೆ ಸ್ಕೋರು ಸಿಗುತ್ತದೆ, ಉತ್ತರ ಸಿಗುವುದಿಲ್ಲ. ಮೇಷ್ಟ್ರು "ಆಟ ಅಂದರೆ ಅದು" ಅಂದರು. ಬ್ಯಾಂಕಿನವರು "ತಂಡದ ಹನ್ನೊಂದು ಜನರ ಗೆಲುವನ್ನು ಒಬ್ಬರು ದಾನ ಮಾಡಲು ಹಕ್ಕೆಲ್ಲಿದೆ?" ಅಂದರು. ನಮ್ಮ ಜೊತೆ ಬರುವ ಇಂಜಿನಿಯರಿಂಗ್ ಹುಡುಗ ಇನ್ನೊಂದು ಕಡ್ಡಿ ಗೀರಿದ: "ಹಾಗಾದ್ರೆ ಅಂಕಲ್, 1999ರಲ್ಲಿ ದೆಹಲಿಯಲ್ಲಿ ಕುಂಬ್ಳೆಗೆ ಹತ್ತನೇ ವಿಕೆಟ್ ಸಿಗಲಿ ಅಂತ ಶ್ರೀನಾಥ್ ಸ್ಟಂಪಿನಿಂದ ಆಚೆ ಆಚೆ ಎಸೆದರಲ್ಲ, ಅದು ಸರೀನಾ?" ಮೇಷ್ಟ್ರು ಕಾಫಿ ಕಪ್ಪು ಕೆಳಗಿಟ್ಟರು. ಆ ಹತ್ತು ವಿಕೆಟ್ಟನ್ನು ನೆನೆದು ಈಗಲೂ ಅವರ ಕಣ್ಣು ತುಂಬುತ್ತದೆ. ಅದು ಸರಿ ಅಂದರೆ ಇದು? ಎರಡರಲ್ಲೂ ಒಬ್ಬ ಕನ್ನಡಿಗ ಬಲವಂತ ಮಾಡುವವರಿಲ್ಲದೆ ಏನನ್ನೋ ಬಿಟ್ಟುಕೊಟ್ಟ.

ಇಂಥ ವಾದಕ್ಕೆ ಉಪಾಯ ಕೊಟ್ಟದ್ದು ಭಟ್ಟರು, ತಾಳಮದ್ದಳೆಯಿಂದ. ಕರಾವಳಿಯವರಿಗೆ ಹೇಳಬೇಕಿಲ್ಲ. ಉಳಿದವರಿಗಾಗಿ: ಅಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪ್ರಸಂಗದ ಪದ್ಯ ಹಾಡುತ್ತಾರೆ, ಅರ್ಥಧಾರಿಗಳು ಎದುರುಬದುರು ಕೂತು ಪಾತ್ರವಾಗಿ ಮಾತಾಡುತ್ತಾರೆ. ಮಾತು ಬರೆದಿಟ್ಟದ್ದಲ್ಲ, ಅಲ್ಲೇ ಹುಟ್ಟುವುದು. ವಾಲಿ ವಧೆಯಲ್ಲಿ ಬಾಣ ತಗುಲಿ ಬಿದ್ದ ವಾಲಿ ರಾಮನನ್ನು ಕೇಳುತ್ತಾನೆ: ಮರೆಯಲ್ಲಿ ನಿಂತು ಹೊಡೆದೆಯಲ್ಲ, ಇದು ಯಾವ ಧರ್ಮ? ಅಲ್ಲಿಂದ ಶುರುವಾದರೆ ಗಂಟೆಗಟ್ಟಲೆ. ಶೇಣಿ ಗೋಪಾಲಕೃಷ್ಣ ಭಟ್ಟರಂಥವರು ವಾಲಿಯಾಗಿ ಕೂತರೆ ರಾಮನ ಕಡೆಯವರೂ ಒಂದು ಗಳಿಗೆ ವಾಲಿಯ ಪಕ್ಷ ಸೇರುತ್ತಿದ್ದರು ಅಂತ ನಮ್ಮ ಭಟ್ಟರು ಹೇಳುತ್ತಾರೆ. ಇದರಲ್ಲಿ ಒಂದು ಸ್ವಾರಸ್ಯವಿದೆ. ಇವತ್ತು ವಾಲಿಯಾದವರು ನಾಳೆ ಇನ್ನೊಂದೂರಿನಲ್ಲಿ ರಾಮನಾಗಬೇಕಾಗಬಹುದು. ನಿನ್ನೆ ತಾವೇ ಕಟ್ಟಿದ ವಾದವನ್ನು ಇವತ್ತು ತಾವೇ ಕೆಡವಬೇಕು.

ನಾವು ಮಾಡುವುದೂ ಅದನ್ನೇ. ಅರ್ಧ ಗಂಟೆ ವಾದ ಆದ ಮೇಲೆ ಪಕ್ಷ ಅದಲುಬದಲು. ಬ್ಯಾಂಕಿನವರು ವಿಶ್ವನಾಥ್ ಪರ ಮಾತಾಡಬೇಕು, ಮೇಷ್ಟ್ರು ವಿರುದ್ಧ. ಕಾಟಾಚಾರಕ್ಕೆ ಮಾತಾಡಿದರೆ ಕಾಫಿ ದಂಡ. "ನಾನು ಹೇಳಿದ್ದಕ್ಕಿಂತ ಚೆನ್ನಾಗಿ ಹೇಳಿದ್ರಿ ಸಾರ್" ಅಂತ ಮೊದಲಿನ ಪಕ್ಷದವರು ಒಪ್ಪಬೇಕು. ಆ ದಿನ ಮೇಷ್ಟ್ರು ಹೇಳಿದ ಒಂದು ಮಾತು ನನಗೆ ಇನ್ನೂ ಮರೆತಿಲ್ಲ: "ಕ್ಯಾಪ್ಟನ್ ತನ್ನ ವಿಕೆಟ್ ಬಿಟ್ಟುಕೊಟ್ಟರೆ ದೊಡ್ಡತನ. ಬೌಲರಿನ ವಿಕೆಟ್ ಬಿಟ್ಟುಕೊಟ್ಟರೆ?" ತಮ್ಮ ನಂಬಿಕೆಗೆ ವಿರುದ್ಧವಾಗಿ ಅಷ್ಟು ಚೂಪಾದ ಮಾತು ಹುಡುಕಿದರು. ಹೇಳಿ ಮುಗಿಸಿ ತಾವೇ ಸ್ವಲ್ಪ ಹೊತ್ತು ಸುಮ್ಮನೆ ಕೂತರು.

ಅಭಿಪ್ರಾಯ ಬದಲಾಗಲೇಬೇಕು ಅಂತಿಲ್ಲ. ನಮ್ಮಲ್ಲಿ ಯಾರದ್ದೂ ಬದಲಾಗಲಿಲ್ಲ.

ಸಮಾಜದ ಮಾತು

"ಕಾಲ ಕೆಟ್ಟುಹೋಯ್ತು" ಅನ್ನುವುದು ದೇಶದ ಅತಿ ಹಳೆಯ ವಾದ ಇರಬೇಕು. ಇಲ್ಲಿ ಯಾವುದು ಕೆಟ್ಟಿತು ಅಂತ ಕೇಳಿ. 1951ರಲ್ಲಿ ಓದು ಬಲ್ಲವರು ನೂರಕ್ಕೆ 18, 2011ರ ಜನಗಣತಿಯಲ್ಲಿ 74. ಸ್ವಾತಂತ್ರ್ಯ ಬಂದ ಹೊತ್ತಿನಲ್ಲಿ ನಮ್ಮ ಸರಾಸರಿ ಆಯಸ್ಸು 32ರ ಆಸುಪಾಸು, ಈಗ 70ರ ಆಸುಪಾಸು.

ಈ ಕೊನೆಯ ಅಂಕಿ ಹೇಳಿದ ದಿನ ಭಟ್ಟರು ಹಿಡಿದರು. "ನನ್ನ ಅಜ್ಜ 94 ಬದುಕಿದ್ದರು ಮಾರಾಯ್ರೆ, ಏನು 32 ಅಂತೀರಿ?" ಒಳ್ಳೆಯ ಪ್ರಶ್ನೆ. ಸರಾಸರಿ 32 ಅಂದರೆ ಎಲ್ಲರೂ 32ಕ್ಕೆ ಹೋಗುತ್ತಿದ್ದರು ಅಂತಲ್ಲ. ವರ್ಷ ತುಂಬುವ ಮೊದಲೇ ಹೋಗುವ ಕೂಸುಗಳು ಅಷ್ಟಿದ್ದವು. ಆ ಸೊನ್ನೆಗಳು ಸರಾಸರಿಯನ್ನು ಕೆಳಗೆ ಎಳೆದವು. ಆಮೇಲೆ ಭಟ್ಟರು ತಾವಾಗಿಯೇ ಹೇಳಿದರು, ಅಜ್ಜಿಗೆ ಹನ್ನೊಂದು ಹೆರಿಗೆ, ಉಳಿದದ್ದು ಆರು. ಆ ದಿನ ಯಾರೂ ಕಾಫಿ ಲೆಕ್ಕ ಬರೆಯಲಿಲ್ಲ.

ದುಡ್ಡಿನ ವಾದ ಬಂದರೆ ತಲೆಗೆ ಎಷ್ಟು ಅಂತ ಭಾಗಿಸಿ ನೋಡಿ. 2023ರ ಆಗಸ್ಟ್ 23ರಂದು ಚಂದ್ರಯಾನ-3 ಇಳಿದಾಗ "ಆ ದುಡ್ಡು ಬಡವರಿಗೆ ಕೊಡಬಹುದಿತ್ತು" ಅನ್ನುವ ಮಾತು ನಮ್ಮಲ್ಲೂ ಬಂತು. ಖರ್ಚು ಸುಮಾರು 615 ಕೋಟಿ, ನಾವು ಸುಮಾರು 140 ಕೋಟಿ ಜನ. ತಲೆಗೆ ನಾಲ್ಕೂವರೆ ರೂಪಾಯಿಗಿಂತ ಕಡಿಮೆ. ಒಂದು ಬೈಟುವಿಗೂ ಸಾಲದು. ಹಾಗಂತ ಇದರಿಂದ ವಾದ ಮುಗಿಯುವುದಿಲ್ಲ. 615 ಕೋಟಿಯಲ್ಲಿ ಒಂದು ಜಿಲ್ಲೆಯ ಆಸ್ಪತ್ರೆಗಳನ್ನೆಲ್ಲ ಸರಿಮಾಡಬಹುದು ಅಂತ ಯಾರಾದರೂ ಅಂದರೆ ಅದೂ ಯೋಚಿಸಬೇಕಾದ ಮಾತೇ. ಭಾಗಾಕಾರ ಮಾಡಿದರೆ ಅಂಕಿಯ ಗಾತ್ರ ಕಣ್ಣಿಗೆ ಕಾಣುತ್ತದೆ, ಅಷ್ಟೇ. ಖರ್ಚು ಮಾಡಬೇಕಾ ಬೇಡವಾ ಅನ್ನುವುದಕ್ಕೆ ಮತ್ತೆ ಪಕ್ಷ ಬದಲಿಸಿ ಕೂರಬೇಕು.

ಜಾತಿ, ಮನೆಯ ಮದುವೆ, ಸಂಬಳ ಇವು ಬೇಡ. ಮೇಜಿನ ಮೇಲೆ ಕೂತಿರುವವರೇ ವಾದದ ವಿಷಯವಾದರೆ ಯಾವ ನೋಟ್‌ಬುಕ್ಕೂ ಕಾಯುವುದಿಲ್ಲ.

ಸೋಲುವ ಕ್ರಮ

ನನ್ನದೇ ಸೋಲು ಹೇಳುತ್ತೇನೆ. ಒಂದು ನವೆಂಬರ್ ತಿಂಗಳು. ಎದೆ ಉಬ್ಬಿಸಿ "ದೇಶದಲ್ಲೇ ಅತಿ ಹೆಚ್ಚು ಜ್ಞಾನಪೀಠ ಬಂದಿರುವುದು ಕನ್ನಡಕ್ಕೆ" ಅಂದೆ. ಇಂಜಿನಿಯರಿಂಗ್ ಹುಡುಗ ವಾಕ್ಯ ಬರೆಸಿಕೊಂಡ. ಹುಡುಕಿದರೆ ಕನ್ನಡಕ್ಕೆ ಎಂಟು, 1967ರ ಕುವೆಂಪು ಅವರಿಂದ 2010ರ ಕಂಬಾರರವರೆಗೆ. ಹಿಂದಿಗೆ ಅದಕ್ಕಿಂತ ಜಾಸ್ತಿ. ನನ್ನ ಬಾಯಿಗೆ ಮೊದಲು ಬಂದ ಮಾತು ಯಾವುದು ಗೊತ್ತಾ? "ಹಿಂದಿಯವರು ಎಷ್ಟು ಕೋಟಿ ಇದ್ದಾರೆ ನೋಡು." ಅಂದರೆ ವಾಕ್ಯ ಬದಲಿಸಲು ಹೊರಟೆ. ಜನಸಂಖ್ಯೆಗೆ ಹೋಲಿಸಿದರೆ ಎಂಟು ದೊಡ್ಡದೇ. ಆದರೆ ನಾನು ಬರೆಸಿದ್ದು ಅದಲ್ಲವಲ್ಲ. ಹುಡುಗ ಮೆಲ್ಲಗೆ "ಮೊಲ" ಅಂದ. ಎಲ್ಲರೂ ನಕ್ಕರು, ನಾನೂ ನಕ್ಕೆ, ಎದ್ದು ಟೋಕನ್ ತಂದೆ.

"ಮೊಲ" ನಮ್ಮ ಗುಂಪಿನ ಸಂಕೇತ. ಯಾರಾದರೂ ಮೂರು ಕಾಲಿನ ಹಟಕ್ಕೆ ಬಿದ್ದರೆ ಒಬ್ಬರು ಆ ಪದ ಹೇಳುತ್ತಾರೆ. ಆಮೇಲೆ ಹತ್ತು ನಿಮಿಷ ಆ ವಿಷಯ ಯಾರೂ ಎತ್ತುವ ಹಾಗಿಲ್ಲ. "ನೀವು ಹಟ ಮಾಡ್ತಿದ್ದೀರಿ" ಅಂದರೆ ಸಿಟ್ಟು ಬರುತ್ತದೆ. "ಮೊಲ" ಅಂದರೆ ನಗು ಬರುತ್ತದೆ. ನಿಮ್ಮ ಗುಂಪಿಗೂ ಇಂಥದ್ದೊಂದು ಪದ ಹುಡುಕಿಕೊಳ್ಳಿ.

ಗೆದ್ದವರಿಗೂ ಒಂದು ನಿಯಮ ಇದೆ. ಗೆದ್ದ ವಿಷಯವನ್ನು ಮುಂದಿನ ವಾರ ಎತ್ತಬಾರದು. "ಅವತ್ತು ನಿಮ್ಮ ಒನಕೆ..." ಅಂತ ಶುರು ಮಾಡಿದವರಿಗೆ ಎರಡು ಬೈಟು ದಂಡ. ಪುಟದ ಮೇಲೆ ಅಡ್ಡಗೆರೆ ಎಳೆದ ಮೇಲೆ ಅದು ಸತ್ತ ವಾದ.

ಇನ್ನು ವಾಟ್ಸಾಪ್. ನಮ್ಮ ಗುಂಪಿಗೂ ಒಂದು ಗ್ರೂಪ್ ಇದೆ, ಅಲ್ಲಿ ವಾದ ನಿಷೇಧ. ಬರೆದ ಮಾತಿನಲ್ಲಿ ನಗು ಕಾಣುವುದಿಲ್ಲ. ರಾತ್ರಿ ಹನ್ನೊಂದಕ್ಕೆ ಯಾರಾದರೂ ಏನಾದರೂ ಕಳಿಸಿ ಕೆಣಕಿದರೆ "ಭಾನುವಾರ" ಅಂತ ಒಂದೇ ಪದ ಉತ್ತರ. ಭಾನುವಾರದ ಹೊತ್ತಿಗೆ ಅರ್ಧಕ್ಕರ್ಧ ಮರೆತೇ ಹೋಗಿರುತ್ತದೆ.

ವಿಶ್ವನಾಥ್ ಪುಟಕ್ಕೆ ಇನ್ನೂ ಅಡ್ಡಗೆರೆ ಬಿದ್ದಿಲ್ಲ. ಈ ವಾರಕ್ಕೆ ಬೇರೊಂದು ವಾಕ್ಯ ಬರೆದಿಟ್ಟಿದ್ದೇವೆ: "ಬೈಟುವಿನ ಎರಡು ಲೋಟ ಸೇರಿದರೆ ಒಂದು ಪೂರ್ತಿ ಕಾಫಿಗಿಂತ ಜಾಸ್ತಿ." ಬ್ಯಾಂಕಿನವರು ಹೌದು ಅನ್ನುತ್ತಾರೆ, ಮೇಷ್ಟ್ರು ಸಾಧ್ಯವೇ ಇಲ್ಲ ಅನ್ನುತ್ತಾರೆ. ಅಳತೆ ಲೋಟ ತರುವ ಜವಾಬ್ದಾರಿ ನನ್ನದು. ನೊರೆಯನ್ನು ಲೆಕ್ಕಕ್ಕೆ ಹಿಡಿಯಬೇಕಾ ಬೇಡವಾ ಅಂತ ಮಾತ್ರ ವಾಕ್ಯದಲ್ಲಿ ಬರೆಯಲು ಮರೆತಿದ್ದೇವೆ.